ರಜೆ ಕಲಿಸಿದ ಊರು

ಸರ್ಕಾರಿ ಶಾಲೆಗಳು ಬರುವ ಮುನ್ನ ಹಳೇ ಮೈಸೂರಿನ ಊರುಗಳಲ್ಲಿ ಇದ್ದದ್ದು ಕೂಲಿಮಠಗಳು. ಯಾರದೋ ಮನೆಯ ಜಗಲಿ, ಇಲ್ಲವೇ ಗುಡಿಯ ಪಡಸಾಲೆ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಬೇಕು. ಮಕ್ಕಳ ಮನೆಯವರು ಕೊಡುವ ದವಸ, ಪುಡಿಗಾಸೇ ಪಾಠ ಹೇಳುವ ಐಗಳ ಸಂಬಳ. ಆ ಮಠಗಳಿಗೆ ಭಾನುವಾರದ ಬಿಡುವು ಗೊತ್ತಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಅವುಗಳ ಮರುದಿನದ ಪಾಡ್ಯ, ನಡುವೆ ಬರುವ ಅಷ್ಟಮಿ, ಇವು ಪಾಠವಿಲ್ಲದ ದಿನಗಳು. ವರ್ಷಕ್ಕೊಮ್ಮೆ ಮಹಾನವಮಿ ಬಂದಾಗ ಮಠವೇ ಬೀದಿಗಿಳಿಯುತ್ತಿತ್ತು. ಮಕ್ಕಳು ಕೋಲು ಹಿಡಿದು, ಐಗಳು ಕಲಿಸಿದ ಚೌಪದಗಳನ್ನು ಹಾಡುತ್ತ ಮನೆಮನೆಯ ಮುಂದೆ ನಿಲ್ಲುತ್ತಿದ್ದರು. ಮನೆಯವರು ಕೊಟ್ಟ ಕಾಸು ಐಗಳಿಗೆ ಸೇರುತ್ತಿತ್ತು. ಎಲ್ಲಿಂದಲೋ ಬಂದು ನೆಲೆನಿಂತ ಮೇಷ್ಟ್ರಿಗೆ ಊರಿನ ಪ್ರತಿ ಹೊಸಿಲೂ ಪರಿಚಯವಾಗುತ್ತಿದ್ದದ್ದು ಆ ದಿನಗಳಲ್ಲೇ.

ಯಲಹಂಕದಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ವೃತ್ತಿ ಮುಗಿಸಿದ ನನಗೆ ಈ ಚೌಪದದ ಸಂಗತಿ ಬಹಳ ಹತ್ತಿರದ್ದು. ಪರಸ್ಥಳದಲ್ಲಿ ಕಲಿಸಲು ಹೋದವರನ್ನು ಆ ಸ್ಥಳ ತನ್ನೊಳಗೆ ಕರೆದುಕೊಳ್ಳುವುದು ರಜೆಯ ದಿನಗಳಲ್ಲಿ, ಹಬ್ಬದ ಊಟದಲ್ಲಿ, ಮಕ್ಕಳ ಜೊತೆ ಹೊರಟ ಪ್ರವಾಸದಲ್ಲಿ ಎಂದು ನಾನು ನಂಬಿದ್ದೇನೆ. ಬೆಂಗಳೂರಿನ ಉತ್ತರ ಭಾಗದ ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಗಳು ಬೇಕಾದಷ್ಟಿವೆ.

ಈ ದಿಕ್ಕಿಗೆ ಹೊರದೇಶದಿಂದ ಕಲಿಸಲು, ಕೆಲಸ ಮಾಡಲು ಬಂದವರು ಕಡಿಮೆಯೇನಿಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿ ಕೊಟ್ಟು ಕೃಷಿ ಪ್ರಯೋಗ ಕ್ಷೇತ್ರ ತೆರೆಸಿದಾಗ ಅದನ್ನು ನೋಡಿಕೊಂಡವರು ಹೊರದೇಶದ ಡಾ. ಲೇಮನ್. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಬಹುಕಾಲ ಮುನ್ನಡೆಸಿದ ಅವರ ಕಾಲದಲ್ಲೇ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ಇತ್ತ ಮಲ್ಲೇಶ್ವರ ಮತ್ತು ಯಶವಂತಪುರದ ನಡುವಿನ, ಟಾಟಾ ಇನ್ಸ್ಟಿಟ್ಯೂಟ್ ಎಂದು ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಗೆ, 1935ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳೆದುಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಬಂದು ಕೆಲವು ತಿಂಗಳು ಪಾಠ ಹೇಳಿದರು.

ಹೀಗೆ ದೂರದಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡಿದ ಹಲವರಿಗೆ ಬಿಡುವಿನ ದಿಕ್ಕು ಎಂದರೆ ಉತ್ತರ. ಅಲ್ಲಿ ನಂದಿಬೆಟ್ಟವಿದೆ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯ ಮೇಲೆ ಯೋಗನಂದೀಶ್ವರ. ಟಿಪ್ಪು ಅಲ್ಲಿ ಕೋಟೆ ಬಲಪಡಿಸಿ ಬೇಸಿಗೆಯ ಮನೆ ಮಾಡಿಕೊಂಡ. 1791ರ ಅಕ್ಟೋಬರ್‌ನಲ್ಲಿ ಆ ಕೋಟೆ ಕಂಪನಿ ಸೈನ್ಯದ ವಶವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಬಂತೆಂದರೆ ಬೆಟ್ಟ ಹತ್ತುತ್ತಿದ್ದರು. ಅವರ ಬಂಗಲೆ ಈಗಲೂ ಅಲ್ಲಿದೆ. 1927ರಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟ ಗಾಂಧೀಜಿ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ವಿಶ್ರಾಂತಿ ಪಡೆದದ್ದು ಇದೇ ಬೆಟ್ಟದಲ್ಲಿ. 1936ರಲ್ಲಿ ಅವರು ಮತ್ತೆ ಬಂದರು.

ಆದರೆ ಬಂಗಲೆಯಲ್ಲಿ ತಂಗುವವರ ಬೆಟ್ಟ ಸಾಮಾನ್ಯರ ಮಕ್ಕಳಿಗೂ ಎಟುಕಿದ್ದು ರೈಲಿನಿಂದ. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ 1915ರ ಹೊತ್ತಿಗೆ ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ದಾಟಿ ಓಡತೊಡಗಿತು. ಎರಡೂವರೆ ಅಡಿ ಅಗಲದ ಕಿರಿದಾದ ಹಳಿ. ಹೆಂಚಿನ ಮಾಡು ಹೊತ್ತ ಪುಟ್ಟ ನಿಲ್ದಾಣಗಳು. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ ಎಂದು ಹೆಸರುಗಳನ್ನು ಸಾಲಾಗಿ ಹೇಳಿದರೇ ಅರ್ಧ ಚರಿತ್ರೆ ಹೇಳಿದಂತೆ. ಆವತಿ ಎಂದರೆ ಕೆಂಪೇಗೌಡರ ವಂಶದ ಮೂಲದ ಊರು. ದೇವನಹಳ್ಳಿ ಎಂದರೆ ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು. ಸಂತೆಗೆ, ಕೋರ್ಟಿಗೆ, ನೆಂಟರ ಮನೆಗೆ ಹೋಗುವವರಿಗಾಗಿ ಹಾಕಿದ ಈ ರೈಲೇ ಮೇಷ್ಟ್ರುಗಳಿಗೆ ಮಕ್ಕಳನ್ನು ಕರೆದೊಯ್ಯುವ ದಾರಿಯೂ ಆಯಿತು.

ನಾನು ಯಲಹಂಕಕ್ಕೆ ಬಂದದ್ದು 1986ರಲ್ಲಿ. ಊರು ತೀರ್ಥಹಳ್ಳಿಯ ಕಡೆ. ನಮ್ಮಲ್ಲಿ ಭೂಮಿ ಹುಣ್ಣಿಮೆ ಎಂದರೆ ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬ. ಅಮ್ಮ ಹಿಂದಿನ ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಿನ ಜಾವದ ಕತ್ತಲಲ್ಲಿ ಅಪ್ಪನ ಕೈಲಿ ಗದ್ದೆಗೆ ಚರಗ ಚೆಲ್ಲಲು ಕಳಿಸುತ್ತಿದ್ದರು. ಯಲಹಂಕದಲ್ಲಿ ಆ ದಿನ ಬೆಳಗ್ಗೆ ಗಂಟೆ ಹೊಡೆಯಿತು, ಮೊದಲ ಪೀರಿಯಡ್ಡು ಶುರುವಾಯಿತು. ಸಂಜೆ ಬಾಡಿಗೆ ಕೋಣೆಗೆ ಬಂದು ಅತ್ತೆ. ಆ ವರ್ಷದ ನವೆಂಬರ್‌ನಲ್ಲಿ ಸಾರ್ಕ್ ಸಮ್ಮೇಳನ ಬೆಂಗಳೂರಿನಲ್ಲಿ ನಡೆದು ದೇಶದೇಶಗಳ ನಾಯಕರು ಬಿಡುವಿಗೆಂದು ನಂದಿಬೆಟ್ಟಕ್ಕೆ ಹೋದರು. ಬಳ್ಳಾರಿ ರಸ್ತೆಯ ಉದ್ದಕ್ಕೂ ಸುಣ್ಣ ಬಣ್ಣ. ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಅವರೆಲ್ಲ ಹೋದ್ರಲ್ಲ, ನಮ್ಮನ್ನ ಯಾವಾಗ ಕರ್ಕೊಂಡು ಹೋಗ್ತೀರ?” ಎಂದ. ಬೆಟ್ಟ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೂ ಆ ಕ್ಲಾಸಿನ ಹೆಚ್ಚಿನ ಮಕ್ಕಳು ಅದನ್ನು ಹತ್ತಿರಲಿಲ್ಲ.

ಆ ಸಂಕ್ರಾಂತಿ ನನ್ನ ಕಣ್ಣು ತೆರೆಸಿತು. ಮಲೆನಾಡಿನ ನಮ್ಮ ಮನೆಯಲ್ಲಿ ಸಂಕ್ರಾಂತಿ ಸದ್ದಿಲ್ಲದೆ ಬಂದು ಹೋಗುವ ಹಬ್ಬ. ಇಲ್ಲಿ ಸಂಜೆಯಾಗುತ್ತಿದ್ದ ಹಾಗೆ ನನ್ನ ಕ್ಲಾಸಿನ ಹೆಣ್ಣುಮಕ್ಕಳು ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಬಾಳೆಹಣ್ಣು ಇಟ್ಟುಕೊಂಡು ಕೋಣೆಯ ಬಾಗಿಲಿಗೆ ಬಂದರು. ಬೀದಿಯ ಕೊನೆಯಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಎತ್ತುಗಳನ್ನು ಕಿಚ್ಚು ಹಾಯಿಸುತ್ತಿದ್ದರು. ಒಬ್ಬಳು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ರಾತ್ರಿ ಅವಳ ಮನೆಯಲ್ಲೇ ಊಟ: ಮುದ್ದೆ, ಹಿತಕಿದ ಅವರೆಬೇಳೆ ಸಾರು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಟ್ಟವರು ಅವಳ ಅಜ್ಜಿ. ಆ ಮನೆಯಲ್ಲಿ ಆಡುವ ಮಾತು ತೆಲುಗು, ಬೀದಿಯ ಮಾತು ಕನ್ನಡ. ಈ ಕಡೆ ಹಾಗಿರುವ ಮನೆಗಳು ಬಹಳ. ಅಂಥ ಮಗುವಿಗೆ ಇಂಗ್ಲಿಷ್ ಮೂರನೆಯ ಭಾಷೆ ಎಂಬುದು ನನಗೆ ಯಾವ ತರಬೇತಿಯಲ್ಲೂ ತಿಳಿದಿರಲಿಲ್ಲ, ಆ ಅಡುಗೆಮನೆಯಲ್ಲಿ ತಿಳಿಯಿತು. ಮರುದಿನದಿಂದ ನನ್ನ ಪಾಠದ ವೇಗವೇ ಬದಲಾಯಿತು.

ಫೆಬ್ರವರಿಯ ಒಂದು ಭಾನುವಾರ ನಂದಿಗೆ ಹೊರಟೆವು. ಪ್ರತಿ ಮಗುವಿನಿಂದ ಮನೆಯವರ ಒಪ್ಪಿಗೆ ಪತ್ರ, ರೈಲಿನ ಅರ್ಧ ಟಿಕೆಟಿನ ಹಣ. ಕೊಡಲಾಗದವರ ಪಾಲನ್ನು ಮೇಷ್ಟ್ರುಗಳು ಹಂಚಿಕೊಂಡೆವು. ಮುದ್ದೆ ಕಲಿಸಿದ ಅಜ್ಜಿ ಹಿಂದಿನ ರಾತ್ರಿ ಪುಳಿಯೋಗರೆ ಗೊಜ್ಜು ಕುದಿಸಿ ಕೊಟ್ಟಿದ್ದರು. ಬೆಳಗಿನ ಜಾವ ಅನ್ನ ಕಲಸಿ, ಮುತ್ತುಗದ ಎಲೆಯ ಕಟ್ಟುಗಳ ಜೊತೆ ದೊಡ್ಡ ಪಾತ್ರೆಗೆ ತುಂಬಿ ಬಟ್ಟೆ ಕಟ್ಟಿದೆವು. ನ್ಯಾರೋಗೇಜ್ ಡಬ್ಬಿ ಎಷ್ಟು ಕಿರಿದೆಂದರೆ ಎದುರುಬದುರು ಕೂತವರ ಮೊಣಕಾಲು ತಾಗುತ್ತಿದ್ದವು. ಪ್ರತಿ ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಹೆಸರು ಕನ್ನಡದಲ್ಲೂ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಮೊದಲು ಕನ್ನಡ ಓದಿ, ಆಮೇಲೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಗಬೇಕು ಎಂದು ಹೇಳಿದೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ ಆವತಿಯ ಹೊತ್ತಿಗೆ ಎಲ್ಲರಿಗಿಂತ ಮುಂದೆ ಕಿಟಕಿಗೆ ಮುಖವಿಟ್ಟು ಕೂಗುತ್ತಿದ್ದ.

ನಂದಿ ಹಾಲ್ಟ್‌ನಲ್ಲಿ ಇಳಿದು ನಂದಿ ಗ್ರಾಮಕ್ಕೆ ನಡೆದೆವು. ಭೋಗನಂದೀಶ್ವರ, ಅರುಣಾಚಲೇಶ್ವರ, ನಡುವೆ ಉಮಾಮಹೇಶ್ವರ. ಕಲ್ಲಿನ ಮದುವೆ ಮಂಟಪದ ಕಂಬಗಳಲ್ಲಿ ಗಿಳಿ ಹುಡುಕುವುದೇ ಮಕ್ಕಳಿಗೆ ಆಟ. ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಎಲೆ ಹಾಸಿ ಉಂಡೆವು. ಶಿವರಾತ್ರಿಯ ತೇರಿಗೆ ಆಗಲೇ ಸಿದ್ಧತೆ ನಡೆದಿತ್ತು. ಮೇಲಕ್ಕೆ ಹತ್ತಿದ್ದು ಸುಲ್ತಾನ್‌ಪೇಟೆಯ ಕಡೆಯ ಮೆಟ್ಟಿಲಿನಿಂದ. ಮೇಲೆ ಅಮೃತ ಸರೋವರ, ಟಿಪ್ಪು ಡ್ರಾಪಿನ ಕಂದಕ, ನೆಲ್ಲಿಕಾಯಿ ಬಸವಣ್ಣ. ಪೆನ್ನಾರ್, ಪಾಲಾರ್, ಅರ್ಕಾವತಿ ಇದೇ ಬೆಟ್ಟಸಾಲಿನಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹರಿಯುತ್ತವೆ ಎಂದು ಸಮಾಜಶಾಸ್ತ್ರದ ಮೇಷ್ಟ್ರು ತೋರಿಸಿದಾಗ, ಪುಸ್ತಕದಲ್ಲಿ ಗೆರೆಗಳಾಗಿದ್ದ ನದಿಗಳು ಮಕ್ಕಳಿಗೆ ತಮ್ಮವಾದವು. ಸೋಮವಾರ ಕೊಟ್ಟ ಪ್ರಬಂಧದಲ್ಲಿ ಇಂಗ್ಲಿಷಿನ ತಪ್ಪುಗಳು ಬೇಕಾದಷ್ಟಿದ್ದವು, ಬರೆಯದೆ ಖಾಲಿ ಬಿಟ್ಟ ಹಾಳೆ ಒಂದೂ ಇರಲಿಲ್ಲ.

ಇನ್ನೊಂದು ದಾರಿ ಘಾಟಿಯದು. ಯಲಹಂಕದಿಂದ ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರಿನ ಮೇಲೆ ಗುಂತಕಲ್ಲಿಗೆ ಹೋಗುವ ರೈಲು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬಂದಿತ್ತು. ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಗೆ ಬ್ರಹ್ಮರಥೋತ್ಸವ. ಅದಕ್ಕೂ ಮೊದಲಿನ ದಿನಗಳಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳ ಜೋಡಿ ನೋಡಲು ಆಂಧ್ರದಿಂದಲೂ ರೈತರು ಬರುತ್ತಿದ್ದರು. ಆ ವಾರ ಶಾಲೆಯ ಹಾಜರಿ ಇಳಿಯುವುದು ಖಂಡಿತ. ನನಗೆ ಮೊದಲು ಅದು ಸೋಮಾರಿತನವಾಗಿ ಕಂಡಿತ್ತು. ಎತ್ತು ಮಾರಿ ಬಂದ ಹಣದಲ್ಲೇ ಎಷ್ಟೋ ಮನೆಗಳಲ್ಲಿ ಮುಂದಿನ ವರ್ಷದ ಫೀಸು, ಬಟ್ಟೆ ಎಂದು ತಿಳಿದ ಮೇಲೆ ಹಾಗನ್ನಿಸಲಿಲ್ಲ. ಮುಖ್ಯ ಶಿಕ್ಷಕರ ವಿವೇಚನೆಗೆ ಬಿಟ್ಟ ಸ್ಥಳೀಯ ರಜೆ ಎಂಬ ಏರ್ಪಾಡು ನಮ್ಮಲ್ಲಿದೆ. ಊರಿನ ಜಾತ್ರೆಗೆ, ತೇರಿಗೆ ಅದನ್ನು ಬಳಸುತ್ತಾರೆ. ಕೂಲಿಮಠದ ಕಾಲದಿಂದ ಉಳಿದು ಬಂದ ತಿಳಿವಳಿಕೆ ಅದು ಎಂದು ನಾನು ಗೌರವದಿಂದ ನೆನೆಯುತ್ತೇನೆ.

ಊರು ಆ ಹೊತ್ತಿಗೆ ಬದಲಾಗುತ್ತಿತ್ತು. 1963ರಿಂದ ವಾಯುಪಡೆಯ ನೆಲೆ ಇತ್ತು. 1984ರಲ್ಲಿ ರೈಲಿನ ಗಾಲಿ ಮತ್ತು ಅಚ್ಚು ಕಾರ್ಖಾನೆ ಬಂತು. ಉಪನಗರದಲ್ಲಿ ಮನೆಗಳೆದ್ದವು. ಕೇರಳದ, ಒಡಿಶಾದ, ಪಂಜಾಬಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತರು. ಓಣಂ ದಿನ ಹೂವಿನ ರಂಗೋಲಿ, ಗಣೇಶನ ಹಬ್ಬಕ್ಕೆ ಎಲ್ಲರ ಮನೆಯ ಕಡುಬು. 1996ರಲ್ಲಿ ಮೊದಲ ಏರೋ ಇಂಡಿಯಾ ನಡೆದಾಗ ಇಡೀ ಯಲಹಂಕ ತಾರಸಿಯ ಮೇಲಿತ್ತು. ವಿಮಾನಗಳ ಸದ್ದಿಗೆ ಪಾಠ ನಿಂತಾಗ ನಾವೂ ಮಕ್ಕಳನ್ನು ಮೈದಾನಕ್ಕೆ ಕರೆತಂದು ಆಕಾಶ ನೋಡಿದೆವು. ಆ ದಶಕದಲ್ಲೇ ಚಿಕ್ಕಬಳ್ಳಾಪುರದ ಕಿರಿಹಳಿ ಬ್ರಾಡ್‌ಗೇಜ್ ಆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು, ಬಳ್ಳಾರಿ ರಸ್ತೆ ಅಗಲವಾಯಿತು.

ಆ ವಿಮಾನ ನಿಲ್ದಾಣದಿಂದಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೀನಾದ ಹಾಂಗ್‌ಝೌಗೆ ಇಂಗ್ಲಿಷ್ ಕಲಿಸಲು ಹೋದಳು. ಮೊದಲ ವರ್ಷ ಫೋನಿನಲ್ಲಿ ಅವಳ ಧ್ವನಿಯಲ್ಲಿ ನನ್ನ ಭೂಮಿ ಹುಣ್ಣಿಮೆಯ ಸಂಜೆಯೇ ಕೇಳುತ್ತಿತ್ತು. ದೀಪಾವಳಿಯ ದಿನ ಅವಳಿಗೂ ಮಾಮೂಲಿ ಪಾಠ. ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ವಾರಪೂರ್ತಿ ರಜೆ ಬರುತ್ತದೆ, ಆದರೆ ಅದಕ್ಕೆ ಬದಲಾಗಿ ಹಿಂದುಮುಂದಿನ ಶನಿವಾರವೋ ಭಾನುವಾರವೋ ಕೆಲಸ ಮಾಡಬೇಕು ಎಂದಳು. ಬಂದ್ ರಜೆಗೆ ಶನಿವಾರ ಮಧ್ಯಾಹ್ನ ಪಾಠ ತುಂಬಿಸಿಕೊಡುವ ನಮಗೆ ಅದು ಹೊಸತಲ್ಲ. ಚಾಂದ್ರಮಾನ ಹೊಸ ವರ್ಷಕ್ಕೆ ಅಲ್ಲಿ ಜನ ಊರಿಗೆ ಹೊರಟು ನಗರವೇ ಬಿಕೋ ಎನ್ನುತ್ತದೆ. ಜೊತೆಯ ಶಿಕ್ಷಕಿಯೊಬ್ಬಳು ಅವಳನ್ನು ತನ್ನ ಹಳ್ಳಿಗೆ ಕರೆದೊಯ್ದಳು. ಮನೆಮಂದಿಯೆಲ್ಲ ಸುತ್ತ ಕೂತು ಕಡುಬಿನಂಥ ಜಿಯಾವ್‌ಝಿಗೆ ಹಿಟ್ಟು ಮಡಿಸುವಾಗ ಇವಳ ಕೈ ಸಲೀಸಾಗಿ ಓಡಿತಂತೆ. ಅಲ್ಲಿನ ಶಾಲೆಗಳಲ್ಲಿ ವಸಂತಕ್ಕೊಮ್ಮೆ, ಶರತ್ತಿಗೊಮ್ಮೆ ಮಕ್ಕಳನ್ನು ಹೊರಗೆ ಕರೆದೊಯ್ಯುವ ವಾಡಿಕೆ ಇದೆ. ಪಶ್ಚಿಮ ಸರೋವರದ ದಂಡೆಯಲ್ಲಿ ಮಕ್ಕಳಿಂದ ಬೋರ್ಡುಗಳನ್ನು ಓದಿಸಿದೆ ಮಿಸ್, ಮೊದಲು ಅವರ ಭಾಷೆ, ಆಮೇಲೆ ಇಂಗ್ಲಿಷ್ ಎಂದು ಅವಳು ಹೇಳಿದಾಗ ನನಗೆ ಆದ ಸಂತೋಷವನ್ನು ಅಳೆಯಲಾರೆ.

ಈಗ ವಾರಾಂತ್ಯದಲ್ಲಿ ನಂದಿಯ ರಸ್ತೆ ಕಾರು ಬೈಕುಗಳಿಂದ ಕಟ್ಟಿಕೊಳ್ಳುತ್ತದೆ. ಮುಂಜಾವದ ಮೋಡ ನೋಡಿ ಫೋಟೊ ತೆಗೆದು ತಿಂಡಿಗೆ ಇಳಿದುಬಿಡುವವರೇ ಹೆಚ್ಚು. ಆದರೆ ಅದೇ ಬೆಟ್ಟದ ನೆರಳಿನ ಸರ್ಕಾರಿ ಶಾಲೆಯ ಮಗುವಿಗೆ ಬಾಡಿಗೆ ಬಸ್ಸಿನ ಖರ್ಚೇ ಪ್ರವಾಸಕ್ಕೆ ಅಡ್ಡಿ. ಹಳಿ ಮಾತ್ರ ಇನ್ನೂ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವವರಿಗಾಗಿ 2021ರಲ್ಲಿ ಅದೇ ಹಳಿಯ ಮೇಲೆ ಹೊಸ ನಿಲುಗಡೆಯೂ ಬಂತು. ನೂರು ವರ್ಷ ದಾಟಿದ ಹಳೆಯ ನಿಲ್ದಾಣದ ಕಟ್ಟಡಗಳನ್ನು ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಮುತುವರ್ಜಿಯಿಂದ ದುರಸ್ತಿ ಮಾಡಿಸಿದೆ.

ಹಾಗಾಗಿ ಹೆಬ್ಬಾಳದಿಂದ ದೇವನಹಳ್ಳಿಯವರೆಗೆ ಪಾಠ ಹೇಳುತ್ತಿರುವ ಎಳೆಯ ಶಿಕ್ಷಕರಿಗೆ, ಅದರಲ್ಲೂ ಬೇರೆ ಜಿಲ್ಲೆಯಿಂದ ಬಂದು ಕೋಣೆ ಮಾಡಿಕೊಂಡಿರುವವರಿಗೆ, ನನ್ನ ಮಾತು ಇಷ್ಟೆ. ಈ ಡಿಸೆಂಬರ್‌ನಲ್ಲಿ ಮೂವತ್ತು ಮಕ್ಕಳನ್ನು ಕರೆದುಕೊಂಡು ಯಲಹಂಕದಲ್ಲಿ ರೈಲು ಹತ್ತಿ, ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ಊಟ ಕಟ್ಟಲು ಮಕ್ಕಳ ಅಜ್ಜಿಯರನ್ನು ಕೇಳಿ, ಇಲ್ಲ ಎನ್ನುವವರು ಸಿಗುವುದಿಲ್ಲ. ಸೋಮವಾರ ಪ್ರಬಂಧ ಬರೆಸಿ, ತಪ್ಪು ತಿದ್ದುವ ಮೊದಲು ಪೂರ್ತಿ ಓದಿ. ಈ ಊರಿನ ಬಗ್ಗೆ ನಿಮಗೆ ತಿಳಿಯಬೇಕಾದದ್ದನ್ನು ಮಕ್ಕಳು ಅದರಲ್ಲಿ ಬರೆದಿರುತ್ತಾರೆ.