ನಮ್ಮೂರು ಯಾವ ಸೀಮೆಗೆ ಸೇರಿದ್ದು?

ತಾಲ್ಲೂಕು ಕೇಂದ್ರದ ವರದಿಗಾರನನ್ನು ಚಹಾ ಅಂಗಡಿಯಲ್ಲಿ ತಡೆದು ಜನ ಕೇಳುವ ಪ್ರಶ್ನೆಗಳು ದೆಹಲಿಯವಲ್ಲ, ಊರಿನವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಇಂಥವುಗಳ ಪೈಕಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತಿದೆ: ನಾವು ಯಾವ ಸೀಮೆಯವರು?

ಊರ ಸುದ್ದಿ ತಿಳಿಯುವ ಹಂಬಲಕ್ಕೆ ಕನ್ನಡ ಪತ್ರಿಕೋದ್ಯಮದಷ್ಟೇ ವಯಸ್ಸಾಗಿದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಊರಿನ ವರ್ತಮಾನಕ್ಕೂ ಜಾಗ ಕೊಟ್ಟಿತ್ತು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಈ ಪಾಕ್ಷಿಕ ಮರುವರ್ಷ ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಹೆಚ್ಚು ಕಾಲ ಬಾಳಲಿಲ್ಲವೆನ್ನುವುದು ಬೇರೆ ಮಾತು. ಕನ್ನಡದ ಮೊದಲ ಪತ್ರಿಕೆಯ ಎರಡನೆಯ ಮನೆ ಬಳ್ಳಾರಿ ಎಂಬುದು ಈ ಭಾಗದ ಅನೇಕರಿಗೇ ತಿಳಿಯದು.

ಇನ್ನು ಸೀಮೆಯ ಪ್ರಶ್ನೆ. ನಿಜಾಮನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಬಳ್ಳಾರಿಯೂ ಒಂದು. ಮುಂದೆ ಒಂದೂವರೆ ಶತಮಾನ ಅದು ಮದರಾಸು ಆಡಳಿತದಲ್ಲಿತ್ತು. ಆಂಧ್ರ ರಾಜ್ಯ ಉದಯವಾದ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಬಂದವು. ಹಾಗಿದ್ದರೆ, 1947ರಲ್ಲಿ ನಿಜಾಮನ ಆಳ್ವಿಕೆಯಲ್ಲೇ ಇರದ ಬಳ್ಳಾರಿ ‘ಹೈದರಾಬಾದ್ ಕರ್ನಾಟಕ’ ಆದದ್ದು ಹೇಗೆ? ಇತಿಹಾಸದ ಲೆಕ್ಕದಲ್ಲಿ ಅಲ್ಲ, ಅಭಿವೃದ್ಧಿಯ ಲೆಕ್ಕದಲ್ಲಿ. ಹಿಂದುಳಿದ ಜಿಲ್ಲೆಗಳಿಗಾಗಿ 1990ರ ದಶಕದ ಆರಂಭದಲ್ಲಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಗೆ ಬಳ್ಳಾರಿಯನ್ನೂ ಸೇರಿಸಲಾಯಿತು.

ಈ ಪ್ರಶ್ನೆಯ ಬಿಸಿ ಹೆಚ್ಚು ತಟ್ಟಿದ್ದು ಹರಪನಹಳ್ಳಿಗೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ಅದಕ್ಕೆ ಸೇರಿಸಿದರು. ದಾವಣಗೆರೆ ಹತ್ತಿರ, ಬಳ್ಳಾರಿ ದೂರ. ಕಚೇರಿ ಕೆಲಸಕ್ಕೆ ಅಲೆಯುವವರಿಗೆ ಅನುಕೂಲವೇ ಆಯಿತು. ಆದರೆ ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಪಕ್ಕದ ಕೊಟ್ಟೂರಿನ ವಿದ್ಯಾರ್ಥಿಗೆ ವೃತ್ತಿಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲು ಸಿಕ್ಕಿತು, ಹರಪನಹಳ್ಳಿಯವನಿಗೆ ಇಲ್ಲ. ಒಂದೇ ಜಾತ್ರೆಗೆ ಹೋಗುವ, ಪರಸ್ಪರ ಹೆಣ್ಣು ಕೊಟ್ಟು ತರುವ ಎರಡು ಊರುಗಳ ನಡುವಿನ ಗೆರೆಗೆ ಇಷ್ಟು ಬೆಲೆ ಇದೆಯೆಂದು ಯಾರೂ ಎಣಿಸಿರಲಿಲ್ಲ.

ಪತ್ರಿಕೆಗಳ ಜಿಲ್ಲಾ ಪುಟಗಳೂ ಸಾಮಾನ್ಯವಾಗಿ ಇದೇ ಗೆರೆಯನ್ನು ಅನುಸರಿಸುತ್ತವೆ. ಜಿಲ್ಲೆ ಬದಲಾದ ತಾಲ್ಲೂಕಿನ ಸುದ್ದಿ ಹಳೆಯ ನೆರೆಯವರ ಪುಟದಿಂದ ಮರೆಯಾಗುತ್ತದೆ. ಹಾಗಾಗಿ, ‘ಅವರಿಗೆ ಇರುವುದು ನಮಗೇಕಿಲ್ಲ?’ ಎಂಬ ಪ್ರಶ್ನೆಗೆ ಅವಶ್ಯವಾದ ಹೋಲಿಕೆಯನ್ನು ಓದುಗನೇ ಮಾಡಿಕೊಳ್ಳಬೇಕು. ಇದು ಸುದ್ದಿಮನೆಗಳು ಯೋಚಿಸಬೇಕಾದ ಸಂಗತಿ.

ಹರಪನಹಳ್ಳಿಯನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾದದ್ದು 2018ರಲ್ಲಿ. ಅಷ್ಟರಲ್ಲಿ, 2017ರಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿದ್ದ ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಾಯಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. 1950ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರೊಬ್ಬರು ಮನೆ ಬದಲಿಸದೆಯೇ ಮದರಾಸು, ಮೈಸೂರು, ಕರ್ನಾಟಕಗಳ ಪ್ರಜೆಯಾಗಿ, ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಎಂದು ವಿಳಾಸ ಬರೆದಿದ್ದಾರೆ.

ಹಗರಿಬೊಮ್ಮನಹಳ್ಳಿಯವರ ಪ್ರಶ್ನೆ ಇನ್ನೊಂದು ಬಗೆಯದು. 1953ರ ದಾಖಲೆಗಳಲ್ಲಿ ಆ ಹೆಸರಿನ ತಾಲ್ಲೂಕನ್ನು ಹುಡುಕಿದರೆ ಸಿಗದು, ಅಲ್ಲಿರುವುದು ಮಲ್ಲಾಪುರ. ತುಂಗಭದ್ರಾ ಜಲಾಶಯದಲ್ಲಿ ಮಲ್ಲಾಪುರ ಮುಳುಗಿತು, ಆಡಳಿತ ಕೇಂದ್ರ ಹಗರಿಬೊಮ್ಮನಹಳ್ಳಿಗೆ ಬಂತು. ಇಂದು ತಾಲ್ಲೂಕು ಕಚೇರಿಯ ಮೆಟ್ಟಿಲೇರುವ ಎಳೆಯರು ಆ ಹೆಸರನ್ನು ಕೇಳಬೇಕೆಂದರೆ ಹಿರಿಯರನ್ನೇ ಹುಡುಕಿಕೊಂಡು ಹೋಗಬೇಕು.