ಗೇದರದ ಬೆನ್ನು ಹತ್ತುವ ಮುನ್ನ

ಇಡಗುಂಜಿಗೆ ಹೋಗುವವರು ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗುತ್ತಾರೆ. ಪಶ್ಚಿಮಕ್ಕೆ ಮಂಕಿಯ ಕಡಲು. ಉತ್ತರಕ್ಕೆ ಶರಾವತಿ ಸಮುದ್ರ ಸೇರುವ ಹೊನ್ನಾವರ, ಕಾಸರಕೋಡು. ಈ ದಂಡೆಯ ಮೀನಿನ ಚರಿತ್ರೆಯೆಂದರೆ ಬಹುಪಾಲು ಬಂಗಡೆ, ತಾರಲೆಗಳ ಚರಿತ್ರೆ. ಈಗ ಮಾತು ಆಳಸಮುದ್ರದ ಟ್ಯೂನಾ ಕಡೆಗೆ ಹೊರಳಿದೆ. ಗೇದರ, ಕೇದರ ಎಂದು ಕರಾವಳಿಯಲ್ಲಿ ಕರೆಯುವುದು ಇದೇ ಜಾತಿಯ ಮೀನುಗಳನ್ನು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಆಳಸಮುದ್ರದ ದೋಣಿಗೆ ನೆರವೂ ಇದೆ. ಹಾಗಾದರೆ ಸಾಲ ಮಾಡಿ ಈ ಕೆಲಸಕ್ಕೆ ಇಳಿಯುವ ಹುಡುಗ ಮೊದಲು ಏನನ್ನು ತಿಳಿದಿರಬೇಕು? ಉತ್ತರದ ಒಂದು ಪಾಲು ಚರಿತ್ರೆಯಲ್ಲಿದೆ.

1340ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ, ಅಲ್ಲಿನ ಸುಲ್ತಾನನ ಊಟದಲ್ಲಿ ಅನ್ನದ ಜೊತೆ ಬಗೆಬಗೆಯ ಮೀನು ಬಂದದ್ದನ್ನು ಬರೆದಿದ್ದಾನೆ. ಮುಂದೆ ಮಾಲ್ಡೀವ್ಸ್‌ಗೆ ಹೋದಾಗ ಕಂಡದ್ದು ಇನ್ನೂ ಕುತೂಹಲದ್ದು: ಮೀನನ್ನು ನಾಲ್ಕು ತುಂಡು ಮಾಡಿ, ತುಸು ಬೇಯಿಸಿ, ತೆಂಗಿನ ಗರಿಯ ಬುಟ್ಟಿಯಲ್ಲಿಟ್ಟು ಹೊಗೆಯಲ್ಲಿ ಒಣಗಿಸುತ್ತಾರೆ, ಅದು ಹಿಂದೂಸ್ತಾನ, ಚೀನಾ, ಯೆಮನ್‌ಗೆ ಹೋಗುತ್ತದೆ. ಇಂದಿಗೂ ಮಿನಿಕಾಯ್‌ನಲ್ಲಿ ‘ಮಾಸ್’ ಎಂಬ ಒಣ ಟ್ಯೂನಾ ಇದೇ ಹಾದಿಯದು. ಆ ದ್ವೀಪಗಳು ನಮಗೆ ತೀರಾ ಪರಕೀಯವೂ ಅಲ್ಲ. ಲಕ್ಷದ್ವೀಪದ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೆನರಾ ಒಡೆದು, 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಗುವ ಮೊದಲು ಹೊನ್ನಾವರಕ್ಕೂ ಅಮಿನಿಗೂ ಜಿಲ್ಲೆ ಒಂದೇ!

ಆದರೆ ಕಸುಬು ಒಂದಾಗಲಿಲ್ಲ. ಮಿನಿಕಾಯ್‌ನವರು ಮೊದಲು ಹವಳದ ಲಗೂನಿನಲ್ಲಿ ಸಣ್ಣ ಮೀನು ಹಿಡಿದು ಜೀವಂತ ಇಟ್ಟುಕೊಳ್ಳುತ್ತಾರೆ. ಹಿಂಡು ಕಂಡಾಗ ಅದನ್ನು ಎರಚಿ, ನೀರು ಚಿಮ್ಮಿಸಿ, ಮುಳ್ಳಿಲ್ಲದ ಗಾಳದ ಕೋಲಿನಿಂದ ಒಂದೊಂದೇ ಟ್ಯೂನಾ ಎತ್ತಿ ಹಾಕುತ್ತಾರೆ. ನಮ್ಮ ದಂಡೆಯಲ್ಲಿ ಅಂಥ ಲಗೂನಿಲ್ಲ. ಮಿನಿಕಾಯ್‌ನಂತೆ ಮಾಡಿ ಎಂದು ಸಲಹೆ ಕೊಡುವವರು ಇದನ್ನೇಕೋ ಮರೆಯುತ್ತಾರೆ. ಹೊಸಬರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: ಎರೆ ಎಲ್ಲಿಂದ?

ನಮ್ಮಲ್ಲಿ ಬೆಳೆದದ್ದು ರಂಪಣಿ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬರುತ್ತದೆ, ಹತ್ತಾರು ಮಂದಿ ಎರಡು ತುದಿ ಹಿಡಿದು ದಡಕ್ಕೆ ಎಳೆಯುತ್ತಾರೆ, ಬಂದದ್ದರಲ್ಲಿ ಪಾಲು. ಮೀನು ದಡಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ವಿದ್ಯೆ ಅದು. ಹಿಂಡಿನ ಬಣ್ಣ, ಹಕ್ಕಿಗಳ ಎರಗಾಟ, ನೀರಿನ ಸೆಳೆತ ಎಲ್ಲವನ್ನೂ ಕಣ್ಣೇ ಓದಬೇಕಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟು ಬಂತು. ಹಿಂಡು ದಡ ಸೇರುವ ಮುನ್ನವೇ ಅದನ್ನು ಸುತ್ತುವರಿದು ಬಲೆಯ ಬುಡ ಬಿಗಿಯುವ ವಿಧಾನ. ಜಗಳಗಳಾದವು, ರಂಪಣಿ ಕೂಟಗಳು ಸೊರಗಿದವು. ಒಂದು ಬಲೆ ಹೋದದ್ದು ದೊಡ್ಡ ಮಾತಲ್ಲ. ದಡದಲ್ಲಿ ಹಗ್ಗ ಎಳೆದವನಿಗಿದ್ದ ಪಾಲು ಹೋಯಿತಲ್ಲ, ನನಗೆ ಅದು ದೊಡ್ಡದು.

ಟ್ಯೂನಾ ದಡಕ್ಕೆ ಬರುವ ಮೀನಲ್ಲ. ಈಜು ನಿಲ್ಲಿಸಿದರೆ ಅದಕ್ಕೆ ಉಸಿರಿಲ್ಲ. ಸಣ್ಣ ಗೇದರ ಕರಾವಳಿಗೆ ಸಮೀಪ ಸಿಕ್ಕೀತು. ನೂರು ಕಿಲೋ ಮೀರಿಯೂ ಬೆಳೆಯುವ ಹಳದಿ ರೆಕ್ಕೆಯದಕ್ಕೆ ದೂರ ಹೋಗಬೇಕು, ದಿನಗಟ್ಟಲೆ ನೀರಿನ ಮೇಲಿರಬೇಕು. ಮೈ ನೀರಿಗಿಂತ ಬಿಸಿ ಇರುವುದರಿಂದ ಹಿಡಿದ ಕೂಡಲೇ ರಕ್ತ ಬಸಿದು, ಕರುಳು ಕಿವಿರು ತೆಗೆದು, ಐಸಿನಲ್ಲಿ ಹೂಳಬೇಕು. ತಡವಾದರೆ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಬಂಗಡೆಯ ರಾಶಿಗೆ ಉಪ್ಪು ಸುರಿದು ಒಣಗಿಸಿದ ಅಜ್ಜಂದಿರ ಅನುಭವ ಇಲ್ಲಿ ಅರ್ಧ ದಾರಿಗಷ್ಟೇ ಸಾಕು.

ಮತ್ತೆ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲೇ ಇರಬೇಕು. ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ದೋಣಿ ಹತ್ತುವ ಮೊದಲು ತಾಂಡೇಲನನ್ನು ಕೇಳಿ: ಡೀಸೆಲ್, ಐಸು, ರೇಷನ್ನು ಕಳೆದ ಮೇಲೆ ಪಾಲು ಹೇಗೆ, ಬರಿಗೈಲಿ ಬಂದ ಟ್ರಿಪ್ಪಿನ ನಷ್ಟ ಯಾರ ತಲೆಗೆ? ರಂಪಣಿಯಲ್ಲಿ ಆ ಲೆಕ್ಕ ಎಲ್ಲರ ಎದುರಿಗೆ ಮರಳ ಮೇಲೆಯೇ ಆಗುತ್ತಿತ್ತು.