ಶಾಲಾ ಹಿಂಸೆಯ ನಂತರ ವಿದ್ಯಾರ್ಥಿಗಳ ಮಾನಸಿಕ ಚೇತರಿಕೆ: ಅಮೆರಿಕದ ಚರಿತ್ರೆ

ಶಾಲೆಯಲ್ಲಿ ಹಿಂಸೆಗೆ ಸಿಕ್ಕ ಮಕ್ಕಳ ಮಾನಸಿಕ ಆರೈಕೆಯ ಚರಿತ್ರೆಯನ್ನು ಸಾಮಾನ್ಯವಾಗಿ 1999ರ ಕೊಲಂಬೈನ್ ಪ್ರೌಢಶಾಲೆಯ ಗುಂಡಿನ ದಾಳಿಯಿಂದ ಹೇಳುವುದುಂಟು. ಆದರೆ ಈ ಕ್ಷೇತ್ರದ ಮುಖ್ಯ ಪ್ರಶ್ನೆಗಳು ಎದ್ದದ್ದು ಅದಕ್ಕೂ ಎರಡು ದಶಕ ಮೊದಲು.

1976ರ ಜುಲೈ 15ರಂದು ಕ್ಯಾಲಿಫೋರ್ನಿಯದ ಚೌಚಿಲ್ಲಾದಲ್ಲಿ ಬೇಸಿಗೆ ಶಾಲೆಯ 26 ಮಕ್ಕಳನ್ನೂ ಅವರ ಬಸ್ ಚಾಲಕನನ್ನೂ ಬಂದೂಕುಧಾರಿಗಳು ಅಪಹರಿಸಿ, ಕಲ್ಲುಗಣಿಯಲ್ಲಿ ಹೂತಿಟ್ಟಿದ್ದ ಲಾರಿಯ ಪೆಟ್ಟಿಗೆಯೊಳಗೆ ಕೂಡಿಹಾಕಿದರು. ಸುಮಾರು 16 ಗಂಟೆಗಳ ನಂತರ ಮಕ್ಕಳೂ ಚಾಲಕನೂ ತಾವೇ ಮಣ್ಣು ಸರಿಸಿ ಹೊರಬಂದರು. ಎಲ್ಲರೂ ಜೀವಂತ ಮರಳಿದ್ದರಿಂದ ಮಕ್ಕಳು ಬೇಗ ಮರೆಯುತ್ತಾರೆಂದೇ ಹಿರಿಯರು ನಂಬಿದರು. ಮನೋವೈದ್ಯೆ ಲೆನೋರ್ ಟೆರ್ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ಕಂಡದ್ದು ಬೇರೆ. ನಾಲ್ಕೈದು ವರ್ಷ ಕಳೆದರೂ ಭಯ ಬಿಟ್ಟಿರಲಿಲ್ಲ. ಅಪಹರಣದ ಆಟವನ್ನೇ ಮತ್ತೆ ಮತ್ತೆ ಆಡಿದವರಿದ್ದರು, ತಾವು ಹೆಚ್ಚು ಕಾಲ ಬದುಕುವುದಿಲ್ಲ ಎಂದುಕೊಂಡವರಿದ್ದರು. ಅಮೆರಿಕನ್ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ 1987ರ ಆವೃತ್ತಿಯಲ್ಲಿ ಪಿಟಿಎಸ್‌ಡಿಯ (ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆಯ) ವಿವರಣೆಗೆ ಈ ಎರಡೂ ಲಕ್ಷಣಗಳು ಸೇರಿದವು. ಈ ಚರಿತ್ರೆಯ ನಿಜವಾದ ತಿರುವು ಇದೇ.

1984ರಲ್ಲಿ ಲಾಸ್ ಏಂಜಲೀಸ್‌ನ ಪ್ರಾಥಮಿಕ ಶಾಲೆಯೊಂದರ ಮೈದಾನದ ಮೇಲೆ ಗುಂಡಿನ ದಾಳಿ ನಡೆಯಿತು. ರಾಬರ್ಟ್ ಪೈನೂಸ್ ತಂಡ 159 ಮಕ್ಕಳನ್ನು ಪರೀಕ್ಷಿಸಿ, ಮೈದಾನದಲ್ಲಿದ್ದವರಿಗೆ ಆಘಾತ ಅತಿ ತೀವ್ರವೆಂದೂ ದೂರವಿದ್ದಷ್ಟೂ ಕಡಿಮೆಯೆಂದೂ ತೋರಿಸಿತು. ಯಾರನ್ನು ಮೊದಲು ವಿಚಾರಿಸಬೇಕೆಂಬುದಕ್ಕೆ ಆಧಾರ ಸಿಕ್ಕಿತು.

ಹೇಗೆ ವಿಚಾರಿಸಬೇಕೆಂಬ ವಿಷಯದಲ್ಲಿ ಮಾತ್ರ ದಾಖಲೆಗಳು ಗೋಜಲಾಗಿವೆ. ಜೆಫ್ರಿ ಮಿಚೆಲ್ 1983ರಲ್ಲಿ ವಿವರಿಸಿದ ‘ಡಿಬ್ರೀಫಿಂಗ್’, ಅಂದರೆ ಘಟನೆಯಾದ ಕೆಲವೇ ದಿನಗಳಲ್ಲಿ ಗುಂಪಾಗಿ ಕೂತು ನಡೆದದ್ದನ್ನೆಲ್ಲ ಹೇಳಿಸುವ ಕ್ರಮ, ರೂಪುಗೊಂಡದ್ದು ತುರ್ತುಸೇವಾ ಸಿಬ್ಬಂದಿಗಾಗಿ. ಅದು ಶಾಲೆಗಳಿಗೂ ಹಬ್ಬಿತು. ಒಂದೇ ಸಲದ ಡಿಬ್ರೀಫಿಂಗ್‌ನಿಂದ ಪಿಟಿಎಸ್‌ಡಿ ತಡೆಯಲಾಗದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2002ರ ಕಾಕ್ರೇನ್ ಸಮೀಕ್ಷೆ ಹೇಳಿತಾದರೂ ಅದರ ಪುರಾವೆ ಬಹುಪಾಲು ವಯಸ್ಕರದು. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಮಕ್ಕಳಲ್ಲೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ಆದರೆ ಅವರು ರಸ್ತೆ ಅಪಘಾತಕ್ಕೆ ಸಿಕ್ಕವರು. ಈ ವ್ಯತ್ಯಾಸಗಳನ್ನು ಅಳಿಸಿ ಬರೆದ ಕೈಪಿಡಿಗಳು ಓದುಗರನ್ನು ದಾರಿ ತಪ್ಪಿಸಿವೆ. ಈಗ ಪ್ರಚಾರದಲ್ಲಿರುವ ‘ಮಾನಸಿಕ ಪ್ರಥಮ ಚಿಕಿತ್ಸೆ’ ಡಿಬ್ರೀಫಿಂಗ್‌ನ ಇನ್ನೊಂದು ರೂಪವಲ್ಲ. ಅದರಲ್ಲಿ ಸುರಕ್ಷತೆ, ಸಾಂತ್ವನ, ಮನೆಯವರ ಜೊತೆ ಸಂಪರ್ಕ ಮೊದಲು, ಘಟನೆಯ ವಿವರ ಹೇಳುವಂತೆ ಮಗುವನ್ನು ಒತ್ತಾಯಿಸುವಂತಿಲ್ಲ.

ದೀರ್ಘಕಾಲದ ಚಿಕಿತ್ಸೆಗೆ ಹೆಚ್ಚಾಗಿ ಉಲ್ಲೇಖಿಸುವುದು ಲಾಸ್ ಏಂಜಲೀಸ್‌ನಲ್ಲಿ 126 ವಿದ್ಯಾರ್ಥಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವನ್ನು. ಶಾಲೆಯಲ್ಲೇ ನಡೆಸಿದ ಹತ್ತು ಗುಂಪು ಚಿಕಿತ್ಸಾ ಅವಧಿಗಳ ನಂತರ ಮಕ್ಕಳ ಪಿಟಿಎಸ್‌ಡಿ ಲಕ್ಷಣಗಳು ತಗ್ಗಿದವು. ತರಗತಿಯ ನಡವಳಿಕೆಯ ಬಗ್ಗೆ ಶಿಕ್ಷಕರು ಕೊಟ್ಟ ವರದಿಯಲ್ಲಿ ಮಾತ್ರ ಚಿಕಿತ್ಸೆ ಪಡೆದವರಿಗೂ ತಮ್ಮ ಸರದಿಗಾಗಿ ಕಾಯುತ್ತಿದ್ದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಕ್ಕೆ ಮಕ್ಕಳನ್ನು ಗುರುತಿಸಿದ್ದೂ ಶಿಕ್ಷಕರ ಅಂದಾಜಿನಿಂದಲ್ಲ, ಮಕ್ಕಳೇ ಉತ್ತರಿಸಿದ ಪ್ರಶ್ನಾವಳಿಯಿಂದ.